ದೀಪ ಇಲ್ಲದ ಹದಿನಾಲ್ಕು ಊರು

ನೆದರ್ಲೆಂಡ್ಸಿನ ಲೈಡನ್ನಲ್ಲಿ ನಮ್ಮನೆ ಕೆಳಗಿನ ಫ್ಲೋರಲ್ಲಿರೋ ಶಾಂತಾದೇವಿ ಆಂಟಿಗೆ ನಾನು ದೊಡ್ಡ ಫ್ಯಾನು! ಹಾವೇರಿ ಕಡೆ ತಾಲೂಕಾಫೀಸಲ್ಲಿ ಮೂವತ್ ವರ್ಷ ಪಹಣಿ ನೋಡ್ಕೊಂಡು, ರಿಟೈರಾಗಿ ಮಗನತ್ರ ಬಂದೋರು.

ಮಗ ಪ್ರಭುದೇವಣ್ಣ ಇಲ್ಲಿ ರಿಸರ್ಚರ್. 2014ರಲ್ಲಿ ಒಡಿಶಾದ ಬಾಲಿಝರಿ ಅನ್ನೋ ಬ್ಲಾಕಿಂದು ಜನಸಂಖ್ಯೆ ಮ್ಯಾಪ್ ಮಾಡ್ತಿದ್ರು. ಬ್ಲಾಕಂದ್ರೆ ಹೆಚ್ಚುಕಮ್ಮಿ ನಮ್ ತಾಲೂಕಿನ ಥರ. ಒಂದ್ಕಡೆ ಗುಡ್ಡ, ಒಂದ್ಕಡೆ ಹೊಳೆ, ಮಧ್ಯ ನೂರಾ ಆರು ಹಳ್ಳಿ. ಅದ್ರಲ್ಲಿ ಹದಿನಾಲ್ಕು ಹಳ್ಳೀಲಿ ಜನಸಂಖ್ಯೆ ಸೊನ್ನೆ! "ಡೇಟಾನೇ ತಪ್ಪು. ನಾಳೆ ಪ್ರೆಸೆಂಟೇಶನ್ನಲ್ಲಿ ಈ ಮ್ಯಾಪ್ ಬೇಡ" ಅಂದ್ಬಿಟ್ರಂತೆ ಅವರ ಡಚ್ ಪ್ರೊಫೆಸರು. ಎರಡು ವರ್ಷದ ಕೆಲಸ, ಪಾಪ!

ಆಂಟಿ ಚಹಾ ಕೊಡಕ್ ಬಂದು ಸ್ಕ್ರೀನ್ ನೋಡಿದ್ರು.

"ತಪ್ಪೇನೈತೋ? ಇವು ಬೇಚರಾಕ್ ಊರು. ಕಾಗದದಾಗ ಊರು ಖರೆ, ಹೊಲ ಅಷ್ಟ ಇಲ್ಲಿರ್ತಾವ, ಮಂದಿ ಬಾಜೂ ಊರಾಗ ಇರ್ತಾರ. ದೀಪಾ ಹಚ್ಚೋರ ಇಲ್ಲ, ಅದಕ್ಕ ಬೇ-ಚಿರಾಗ್. ಇಷ್ಟ್ ಓದಿ ಇದ ಗೊತ್ತಿಲ್ಲೇನ್ ನಿನಗ?"

"ಒಡಿಶಾದಾಗೂ ಇರ್ತಾವೇನವ್ವಾ?"

"ಹೊಲಕ್ಕ ಒಡಿಶಾ ಏನು, ಹಾವೇರಿ ಏನು! ತಗದು ನೋಡು."

ಪ್ರಭುದೇವಣ್ಣ ಸ್ಯಾಟಲೈಟ್ ಫೋಟೋ ತೆಗೆದ್ರೆ, ಹದಿನಾಲ್ಕರಲ್ಲೂ ಬರೀ ಗದ್ದೆ, ಒಂದ್ ಮನೇನೂ ಇಲ್ಲ! ಫೋಟೋ ನೋಡಿ ಪ್ರೊಫೆಸರ್ರೂ ಒಪ್ಪಿದ್ರು.

ಮಾರನೇ ದಿನ ಪ್ರೆಸೆಂಟೇಶನ್ನಿಗೆ ನಾನೂ ಆಂಟೀನೂ ಮುಂದಿನ ಸಾಲಲ್ಲೇ ಕೂತ್ವಿ. ಬೇಚರಾಕ್ ಅನ್ನೋ ಪದ ಸ್ಕ್ರೀನ್ ಮೇಲೆ ಇಂಗ್ಲಿಷ್ ಅಕ್ಷರದಲ್ಲಿತ್ತು. ಡಚ್ಚರು ಸಿಎಚ್ ಕಂಡ್ರೆ ಗಂಟಲಿಂದ ಖ ಅಂತಾರಲ್ಲ, ಪ್ರೊಫೆಸರ್ ಜೋರಾಗಿ "ಬೆಖರಾಕ್!" ಅಂದ್ರು.

ಆಂಟಿ ಎದ್ದೇ ಬಿಟ್ರು. "ಖ ಅಲ್ರೀ ಸರ, ಚ! ಚಹಾದ ಚ!"

ಹಾಲೆಲ್ಲಾ ನಗು. ಮೂರನೇ ಸಲಕ್ಕೆ ಪ್ರೊಫೆಸರ್ ಸರಿಯಾಗ್ ಹೇಳಿದ್ರು. ಹದಿನಾಲ್ಕೂ ಊರು ಮ್ಯಾಪಲ್ಲೇ ಉಳ್ಕೊಂಡ್ವು.