ಆಂಟಿ ಬೇಡವೆಂದ ರಕ್ತ

ಆಂಟಿಯ ಅಂಗೈ ಎರಡೂ ಸದಾ ಕೆಂಪಗಿರುತ್ತಿದ್ದವು. ಗೋರಂಟಿ ಹಚ್ಚಿಕೊಂಡಿದ್ದಾರೆ ಎಂದೇ ನಾನು ಮೊದಮೊದಲು ತಿಳಿದಿದ್ದೆ. ಲಿವರ್ ಕೆಟ್ಟವರಿಗೆ ಹೀಗಾಗುತ್ತದೆಂದು ಅವರೇ ಒಂದು ದಿನ ನಗುತ್ತಾ ಹೇಳಿದರು.

ವಿಜಯನಗರದ ಆ ಮನೆಯ ಮಹಡಿಗೆ ಗದಗದಿಂದ ಬಾಡಿಗೆಗೆ ಬಂದವಳು ನಾನು. ಆಂಟಿ ಮನೆಯ ಓನರ್, ಕೆಳಗೇ ಇದ್ದರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು ಕೆಂಗೇರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಡಾಕ್ಟರು ಉಪ್ಪು ಬಿಡಿಸಿದ್ದರಿಂದ, ಮಗಳಿಗೆಂದು ಮಾಡಿದ ಸಾರಿನ ರುಚಿಯನ್ನೂ ಆಂಟಿ ನೋಡುವಂತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು. ನಾನು ಸವಿದು "ಇನ್ನೊಂದ್ ಚೂರು ಉಪ್ಪು ಬೇಕ್ರಿ" ಅಂದರೆ, "ನಿಮ್ಮೂರ ಕಡೆ ನಾಲಿಗೆ ನಂಬೋ ಹಾಗಿಲ್ಲ" ಎಂದು ಅದರಲ್ಲಿ ಅರ್ಧ ಹಾಕುತ್ತಿದ್ದರು.

ಲಿವರ್ ಅಂದಕೂಡಲೇ ಅಕ್ಕಪಕ್ಕದವರು ಕುಡಿತದ ಮಾತೆತ್ತುತ್ತಿದ್ದರು. ಕಾಫಿಗಿಂತ ಹೆಚ್ಚಿನದೇನನ್ನೂ ಆಂಟಿ ಕುಡಿದವರಲ್ಲ. ಹೆರಿಗೆಯಲ್ಲಿ ಜೀವ ಹೋಗುವ ಹಾಗಾದಾಗ ಅವರಿಗೆ ರಕ್ತ ಕೊಟ್ಟಿದ್ದರು. ಅದರ ಜೊತೆ ಒಂದು ವೈರಸ್ಸೂ ಮೈ ಸೇರಿತ್ತು. ಆಗ ಅದಕ್ಕೆ ಪರೀಕ್ಷೆ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಗೊತ್ತಾಗಿ, ಮಾತ್ರೆಯಿಂದ ವೈರಸ್ ಹೋಯಿತು. ಅಷ್ಟರಲ್ಲಿ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿಬಿಟ್ಟಿತ್ತು. ಇದನ್ನೆಲ್ಲ ನನಗೆ ಹೇಳಿ, ಮಗಳಿಗೆ ಮಾತ್ರ ಹೇಳಬೇಡ ಅಂದಿದ್ದರು. ತಾನು ಹುಟ್ಟಿದ್ದರಿಂದಲೇ ಅಮ್ಮನಿಗೆ ಹೀಗಾಯಿತೆಂದು ಅವಳು ಕೊರಗುತ್ತಾಳೆ ಅನ್ನುವ ಭಯ ಅವರಿಗೆ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು ಕೆಳಗಿಳಿದರೆ, ಆಂಟಿ ಬಚ್ಚಲ ಬಾಗಿಲಿಗೆ ಒರಗಿ ಕೂತಿದ್ದರು. ಎದುರಿಗಿದ್ದ ಬಕೆಟ್ಟಿನಲ್ಲಿ ರಕ್ತ. ಹಿಂದಿನ ದಿನದಿಂದಲೇ ಮಲ ಕಪ್ಪಗೆ ಹೋಗುತ್ತಿತ್ತಂತೆ. ಐರನ್ ಮಾತ್ರೆಯಿಂದ ಇರಬೇಕು ಎಂದು ಸುಮ್ಮನಿದ್ದರಂತೆ. ಆಂಬುಲೆನ್ಸಿನಲ್ಲಿ ಮತ್ತೆ ವಾಂತಿಯಾಯಿತು. ರಕ್ತ ಉಸಿರಿಗೆ ಸಿಕ್ಕದಂತೆ ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡೆ. ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಗಾಡಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಅವರ ಕೈ ತಣ್ಣಗಾಗುತ್ತಾ ಬಂತು.

ಎಮರ್ಜೆನ್ಸಿಯಲ್ಲಿ ನರ್ಸ್, ನೀವು ಇವರಿಗೆ ಏನಾಗಬೇಕು ಎಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ಆಂಟಿಯೇ "ನಮ್ಮ ಹುಡುಗಿ" ಅಂದರು.

ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಹೇಳಿದರು. ಆ ನಾಳಗಳೊಳಗಿನ ಒತ್ತಡವನ್ನಷ್ಟೇ ತಗ್ಗಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕಿದರು. ಆದರೆ ರಕ್ತ ಹೋಗಿ ಹೋಗಿ ಬಿಪಿ ಕುಸಿಯುತ್ತಿತ್ತು. ಬೇಗ ರಕ್ತ ಕೊಟ್ಟು, ಎಂಡೋಸ್ಕೋಪಿ ಮಾಡಿ, ಒಡೆದ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿಯಬೇಕಿತ್ತು. ಅಷ್ಟರಲ್ಲಿ, ನಾನು ಫೋನ್ ಮಾಡಿದ್ದರಿಂದ, ಮಗಳು ಕಾಲೇಜಿನಿಂದ ಓಡಿ ಬಂದಳು. ಆಂಟಿ "ನನಗೆ ರಕ್ತ ಬೇಡ" ಅಂದರು. ಯಾಕಮ್ಮ, ಯಾಕೆ ಎಂದು ಮಗಳು ಅಳುತ್ತಿದ್ದಳು. ಆಂಟಿ ಮುಖ ಆಚೆ ತಿರುಗಿಸಿಕೊಂಡರು. ಕಾರಣ ಗೊತ್ತಿದ್ದವಳು ನಾನೊಬ್ಬಳೇ.

ಡಾಕ್ಟರನ್ನು ಪರದೆಯಾಚೆ ಕರೆದು ಹೇಳಿದೆ. ಅವರು ಹೋಗಿ ಆಂಟಿಯ ಕಿವಿಯ ಹತ್ತಿರ ಬಗ್ಗಿದರು. "ಅಮ್ಮ, ಈಗ ಟೆಸ್ಟ್ ಮಾಡದೆ ಯಾರಿಗೂ ರಕ್ತ ಕೊಡಲ್ಲ. ಆ ಕಾಲ ಅಲ್ಲ ಇದು."

ಆಂಟಿ ನನ್ನತ್ತ ನೋಡಿದರು. ಆಮೇಲೆ ಮಗಳನ್ನು ಬಹಳ ಹೊತ್ತು ನೋಡಿ, ತಾವೇ ತೋಳು ಚಾಚಿದರು.

ಎಂಡೋಸ್ಕೋಪಿ ಕೋಣೆಯ ಹೊರಗೆ ನಾನೂ ಮಗಳೂ ಕೂತೆವು. ಒಳಗಿನಿಂದ ಯಾರಾದರೂ ಬಿರಬಿರನೆ ಬಂದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಡಾಕ್ಟರು ಬಂದು, ಬ್ಯಾಂಡ್ ಹಾಕಿದ್ದೇವೆ, ರಕ್ತ ನಿಂತಿದೆ ಅಂದರು.

ಮನೆಗೆ ಬಂದ ಮೇಲೆ ಆಂಟಿ ನನ್ನನ್ನೂ ಕೂರಿಸಿಕೊಂಡು ಮಗಳಿಗೆ ಎಲ್ಲ ಹೇಳಿದರು. ಅವಳು ಅಳತೊಡಗಿದಳು.

"ಅಳಬೇಡ ಕಣೇ," ಅಂದರು ಆಂಟಿ. "ಅವತ್ತು ಆ ರಕ್ತ ಕೊಡದೆ ಇದ್ದಿದ್ರೆ ನಿನ್ನ ಸಾಕೋಕೆ ನಾನೇ ಇರ್ತಿರಲಿಲ್ಲ. ಇಷ್ಟು ವರ್ಷ ಕೊಟ್ಟಿದ್ದೂ ಅದೇನೇ."

ಮುಂದೆ ಅವರು ತಪ್ಪದೆ ಬ್ಯಾಂಡ್ ಹಾಕಿಸಿಕೊಳ್ಳಲು ಹೋಗುತ್ತಿದ್ದರು. ಮತ್ತೆ ರಕ್ತವಾಂತಿ ಆಗಲಿಲ್ಲ, ಆದರೆ ಲಿವರ್ ಸೋಲುತ್ತಾ ಹೋಯಿತು. ಕಳೆದ ವರ್ಷ ಮಗಳ ಮತ್ತು ನನ್ನ ನಡುವೆ ಮಲಗಿದ್ದ ಹಾಗೇ ತೀರಿಕೊಂಡರು.

ನಾನು ಇನ್ನೂ ಅದೇ ಮಹಡಿಯಲ್ಲಿದ್ದೇನೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ನನಗೊಬ್ಬ ತಂಗಿಯನ್ನು ಬಿಟ್ಟುಹೋದವರು ಅವರು. ಸಂಜೆ ಅವಳು ಕೆಂಗೇರಿಯಿಂದ ಬರುವುದು ಸ್ವಲ್ಪ ತಡವಾದರೂ ಒಳಗೆ ಕೂರಲಾಗದೆ ಗೇಟಿನ ಹತ್ತಿರ ಬಂದು ನಿಲ್ಲುತ್ತೇನೆ.