ಮೈಕಣ್ಣನ ಹಲ್ಲಿನ ಸೆಟ್ಟು

ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಟಿದೆಯೆಂದು ಕೂಗಿ ಹೇಳುವವನಿಗೆ ಹೆತ್ತವರಿಟ್ಟ ಹೆಸರು ಸಂಬಳದ ಚೀಟಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಗಾಜಿನ ಗೂಡಿನಲ್ಲಿ ಕೂತು ಅವನು "ಪ್ರಯಾಣಿಕರ ಗಮನಕ್ಕೆ" ಎಂದರೆ ಬೆಂಚಿನ ಮೇಲೆ ನಿದ್ದೆ ಹೋದವರೂ ದಡಬಡಿಸಿ ಎದ್ದು ಚೀಲ ತಡಕಾಡುತ್ತಿದ್ದರು. ಮಾತೆಂದರೆ ಅಷ್ಟು ಸ್ಪಷ್ಟ. ಒಂದಕ್ಷರ ತೊದಲಿದರೂ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ.

ಇಂಥವನ ಮೇಲ್ದವಡೆಯ ಹಲ್ಲುಗಳೆಲ್ಲ ಕಟ್ಟಿಸಿಕೊಂಡವು ಎಂಬುದು ಅವನಿಗೂ ಹಲ್ಲಿನ ಡಾಕ್ಟರಿಗೂ ಮಾತ್ರ ಗೊತ್ತಿದ್ದ ಗುಟ್ಟು. ಹಾಗಂತ ಅವನ ನಂಬಿಕೆ. ಕಟ್ಟಿಸಿಕೊಳ್ಳಲು ಹೋದಾಗ ಹೆಂಡತಿಗೆ ಮೈಕಿನ ತರಬೇತಿ ಇದೆಯೆಂದು ಸುಳ್ಳು ಹೇಳಿದ್ದ. ಜೀವಮಾನವಿಡೀ ಕೂಗಿದವನಿಗೆ ಈ ವಯಸ್ಸಿನಲ್ಲಿ ಇನ್ನೆಂಥ ತರಬೇತಿ ಎಂದು ಅವಳು ಕೇಳಲಿಲ್ಲ. ಅದನ್ನು ಅವನು ತನ್ನ ಜಾಣತನವೆಂದು ತಿಳಿದ. ಅವಳು ಮಲಗಿದ ಮೇಲೆ ಬಚ್ಚಲಿಗೆ ಹೋಗಿ, ಕಿಟಕಿಯಲ್ಲಿ ಸೋಪಿನ ಪುಡಿಯ ಡಬ್ಬದ ಹಿಂದಿದ್ದ ಸ್ಟೀಲ್ ಲೋಟದಲ್ಲಿ ಸೆಟ್ಟನ್ನು ಮುಳುಗಿಸಿಡುತ್ತಿದ್ದ. ಅವಳು ಏಳುವ ಮೊದಲೇ ಎದ್ದು ಹಾಕಿಕೊಳ್ಳುತ್ತಿದ್ದ. ನಗು ಬಂದರೆ ಬಾಯಿಗೆ ಕೈ ಅಡ್ಡ.

ಕೊರೊನಾ ಬಂದು ಆಸ್ಪತ್ರೆ ಸೇರಿದಾಗಲೂ ಮೈಕಣ್ಣ ಸೆಟ್ಟು ತೆಗೆಯಲಿಲ್ಲ. ಆಕ್ಸಿಜನ್ ಮಾಸ್ಕಿನ ಒಣಗಾಳಿಗೆ ನಾಲಿಗೆ ಒಣಗಿತು, ತುಟಿ ಬಿರಿಯಿತು. ವಾರ್ಡಿನ ಸಿಸ್ಟರ್ ಬೆಳಿಗ್ಗೆ ಸಂಜೆ ಟ್ರೇ ಹಿಡಿದು ಬರುತ್ತಿದ್ದಳು. ಅದರಲ್ಲಿ ಮೆತ್ತನೆಯ ಬ್ರಷ್ಷು, ಹತ್ತಿ, ಬಾಯಿ ಮುಕ್ಕಳಿಸುವ ಔಷಧಿ. ಉಳಿದವರೆಲ್ಲ "ಆ" ಎಂದು ಬಾಯಿ ತೆರೆದರೆ ಇವನು ಮಾತ್ರ ಅವಳ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದ. ಕೆಮ್ಮು ಬಂದಾಗ ಕಣ್ಣು ಬಿಟ್ಟು, ಕೆಮ್ಮಿ ಮುಗಿಸಿ, ಮತ್ತೆ ಗೊರಕೆ ಮುಂದುವರಿಸುತ್ತಿದ್ದ. ಪಕ್ಕದ ಹಾಸಿಗೆಯವನಿಗೆ ಆ ವಾರ್ಡಿನಲ್ಲಿ ಸಿಕ್ಕ ಮನರಂಜನೆ ಅದೊಂದೇ.

ಕೊನೆಗೆ ಸೆಟ್ಟಿನಡಿಯ ಒಸಡು ಹುಣ್ಣಾಯಿತು, ಅಂಗುಳಿಗೆ ಬಿಳಿ ಬೂಷ್ಟು ಕಟ್ಟಿತು. ಗಂಜಿ ಕುಡಿದರೂ ಉರಿ. ಅವನು ಊಟ ಬಿಟ್ಟ. ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ಸೋತಿರುವ ಶ್ವಾಸಕೋಶ ಇನ್ನೂ ಕೆಡುತ್ತದೆ, ಸೆಟ್ಟು ತೆಗೆಯದೆ ಹೀಗೇ ಹಟ ಹಿಡಿದರೆ ಮನೆಯ ಮಾತು ಮರೆತುಬಿಡಿ ಎಂದು ಬಾಯಿ ನೋಡಿದ ವಾರ್ಡಿನ ಡಾಕ್ಟರು ಖಡಾಖಂಡಿತವಾಗಿ ಹೇಳಿ ಹೋದರು. ಮೈಕಣ್ಣ ಮಾಸ್ಕಿನ ಮೇಲೆ ಕೈಯಿಟ್ಟುಕೊಂಡು ಸಿಸ್ಟರಿನ ಕಡೆ ನೋಡಿದ.

"ಇಲ್ಲಿ ಎಲ್ಲರ ಬಾಯೂ ಮಾಸ್ಕಿನೊಳಗಿದೆ ಯಜಮಾನ್ರೇ," ಎಂದಳು ಸಿಸ್ಟರ್. "ನಿಮ್ಮ ಬಾಯಿ ನೋಡೋಕೆ ಯಾರಿಗಿದೆ ಪುರುಸೊತ್ತು?"

ಆದರೂ ಅವಳು ಗೋಡೆಯ ಕಡೆ ತಿರುಗಿದ ಮೇಲೇ ಅವನು ಸೆಟ್ಟು ತೆಗೆದದ್ದು. ಹುಣ್ಣು ಮಾಯುವ ತನಕ ಹಾಕುವ ಹಾಗಿಲ್ಲವೆಂದು ಅವಳು ಅದನ್ನು ಮುಚ್ಚಳದ ಡಬ್ಬಿಯಲ್ಲಿಟ್ಟಳು.

ಕಷ್ಟ ಶುರುವಾದದ್ದು ಸಂಜೆ, ಸಿಸ್ಟರಿನ ಮೊಬೈಲಿನಲ್ಲಿ ಹೆಂಡತಿಯ ವಿಡಿಯೋ ಕಾಲ್ ಬಂದಾಗ. ಮುಖ ಮಾಸ್ಕಿನಲ್ಲಿ ಮುಚ್ಚಿದೆ, ಸರಿ. ದನಿ ಮುಚ್ಚುವುದು ಹೇಗೆ? ಕೇಳಿದ್ದಕ್ಕೆಲ್ಲ ಕೋಲೆ ಬಸವನಂತೆ ತಲೆಯಾಡಿಸಿದ. ಮಾರನೆಯ ಸಂಜೆಯೂ ಅದೇ. ಊರಿಗೆಲ್ಲ ದಾರಿ ಹೇಳುವ ಮನುಷ್ಯ ಒಂದಕ್ಷರ ಆಡುತ್ತಿಲ್ಲವೆಂದರೆ ಹೆಂಡತಿ ಏನೆಂದುಕೊಳ್ಳಬೇಕು? ಮೂರನೆಯ ಸಂಜೆ ಪರದೆಯ ತುಂಬ ನೆಂಟರು. ಮಗಳ ಕಣ್ಣು ಊದಿತ್ತು. ಭಾವಮೈದ, ಇದುವರೆಗೂ ಸೀದಾ ಮುಖ ಕೊಟ್ಟು ಮಾತಾಡದವನು, ಕೈ ಮುಗಿದುಕೊಂಡು ನಿಂತಿದ್ದ.

"ಸಿಸ್ಟರ್, ನಿಜ ಹೇಳಿ," ಎಂದಳು ಹೆಂಡತಿ. ಅವಳ ಗದ್ದ ಅದುರುತ್ತಿತ್ತು. "ಇವರು ಇನ್ನು ಮಾತಾಡೋದೇ ಇಲ್ವಾ?"

ಅವಳ ಆ ಮುಖ ನೋಡಿ ಮೈಕಣ್ಣನಿಗೆ ತಡೆಯಲಾಗಲಿಲ್ಲ. ಮಾನ ಹೋದರೆ ಹೋಗಲಿ ಎಂದು ಮಾಸ್ಕು ಸರಿಸಿದ.

"ಅಳಬೇಡ ಕಣೇ. ಜೀವಕ್ಕೇನೂ ಆಗಿಲ್ಲ. ಬಾಯಲ್ಲಿ ಹಲ್ಲಿಲ್ಲ, ಅದಕ್ಕೇ."

ಅರ್ಧ ಮಾತು, ಅರ್ಧ ಗಾಳಿ. ಪರದೆಯ ಆಚೆ ಭಾವಮೈದ ಮುಗಿದ ಕೈ ಇಳಿಸಿದ.

"ಇಷ್ಟೇನಾ?" ಎಂದಳು ಹೆಂಡತಿ. "ಅಲ್ಲ ಕಣ್ರೀ, ಬಚ್ಚಲಲ್ಲಿರೋ ಆ ಲೋಟ ದಿನಾ ತಿಕ್ಕಿ, ನೀರು ತುಂಬಿಸಿಡೋರು ಯಾರು ಅಂದ್ಕೊಂಡಿದ್ರಿ?"

ಮೈಕಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಅಷ್ಟು ವರ್ಷ ಆ ಲೋಟಕ್ಕೆ ತಾನೊಂದು ಹನಿ ನೀರು ಹಾಕಿದ್ದು ಅವನಿಗೆ ನೆನಪಾಗಲಿಲ್ಲ. ಗೊತ್ತಿದ್ದೂ ಏಕೆ ಹೇಳಲಿಲ್ಲವೆಂದು ಮೆಲ್ಲಗೆ ಕೇಳಿದ.

"ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ಪಾಪ ಅನ್ನಿಸ್ತು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಲ್ಲು ಡಬ್ಬಿಯಲ್ಲೇ ಬರಲಿ. ನೀವು ಬನ್ನಿ, ಸಾಕು."

ಮೈಕಣ್ಣನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೈ ಅಭ್ಯಾಸಬಲದಿಂದ ಬಾಯಿಯವರೆಗೆ ಹೋಗಿ, ಹಾಗೇ ಹಿಂದಕ್ಕೆ ಬಂತು.

ಮರುದಿನ ಬೆಳಿಗ್ಗೆ ಸಿಸ್ಟರ್ ಟ್ರೇ ಹಿಡಿದು ಬಂದಾಗ ವಾರ್ಡಿನಲ್ಲಿ ಗೊರಕೆ ಕೇಳಲಿಲ್ಲ. ಅವಳು ಇನ್ನೂ ಬಾಗಿಲಲ್ಲಿರುವಾಗಲೇ ಮೈಕಣ್ಣ ದಿಂಬಿಗೊರಗಿ ಎದ್ದು ಕೂತು, ಬಾಯಿ ತೆರೆದುಕೊಂಡು ಕಾಯುತ್ತಿದ್ದ.