ಅತ್ತೆಯ ನೇರ ಕೂದಲು

ನಮ್ಮತ್ತೆಯ ತಲೆಯ ಮೇಲೆ ಬಾಚಣಿಗೆ ಇಟ್ಟು ಕೈಬಿಟ್ಟರೆ ಅದು ತಾನಾಗಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಅರವತ್ತು ದಾಟಿದ ಮೇಲೂ ಅಷ್ಟು ನೇರ, ಅಷ್ಟು ನುಣುಪು. ಬೆಳಿಗ್ಗೆ ಚೆನ್ನೈನ ಪುರಸೈವಾಕ್ಕಂನ ಮನೆಯ ಬಾಲ್ಕನಿಯಲ್ಲಿ ನಿಂತು ಅವರು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ ಎದುರುಮನೆಯವರು ನೋಡುತ್ತಿದ್ದರು. ನೋಡಲಿ ಎಂದೇ ಅಲ್ಲಿ ನಿಲ್ಲುತ್ತಿದ್ದರೆಂದು ನನ್ನ ಗುಮಾನಿ.

ನನ್ನದು ಗುಂಗುರು ಕೂದಲು. ಬಾಚಣಿಗೆ ಇಟ್ಟರೆ ಅಲ್ಲೇ ನಿಲ್ಲುತ್ತದೆ, ಎಳೆದರೆ ಅದರ ಹಲ್ಲು ಮುರಿಯುತ್ತದೆ. ತುಮಕೂರಿನಲ್ಲಿ ಕಾಲೇಜಿಗೆ ಹೋಗುವಾಗಲೇ ನನಗೆ ಅದರ ಬಗ್ಗೆ ನಾಚಿಕೆ. ಫೋಟೊ ಎಂದರೆ ಹಿಂದಿನ ಸಾಲಿಗೆ ಸರಿಯುತ್ತಿದ್ದೆ. ಒದ್ದೆ ಕೂದಲಿಗೆ ಜೆಲ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆದೆಳೆದು ಬಾಚಿ, ಹಳೆ ಪಂಚೆಯ ತುಂಡು ಬಿಗಿದು ಕಟ್ಟಿ ಒಣಗಿಸುವುದನ್ನು ಆಗಲೇ ಕಲಿತೆ. ಹೆಣ್ಣು ನೋಡಲು ಬಂದ ದಿನ ಅತ್ತೆ ಕಂಡದ್ದು ಹಾಗೆ ಎಳೆದು ಕೂರಿಸಿದ ಕೂದಲನ್ನು. ಮದುವೆಯಾಗಿ ಚೆನ್ನೈಗೆ ಬಂದ ಮೊದಲ ಭಾನುವಾರ ತಲೆಗೆ ನೀರು ಹಾಕಿಕೊಂಡು ಬಚ್ಚಲಿನಿಂದ ಹೊರಗೆ ಬಂದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತುಹೋಯಿತು.

"ಅಯ್ಯಯ್ಯೋ, ಸುರುಟ್ಟೆ ಮುಡಿಯಾ ನಿಂದು? ಹೇಳ್ಲೇ ಇಲ್ವಲ್ಲಮ್ಮ!"

ಗುಂಗುರು ಕೂದಲಿಗೆ ತಮಿಳಿನಲ್ಲಿ ಹಾಗೆನ್ನುತ್ತಾರೆಂದು ಆವತ್ತು ತಿಳಿಯಿತು. ಮೋಸ ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ.

ಮಾವ ರೈಲ್ವೆಯಲ್ಲಿದ್ದವರು. ಅತ್ತೆ ಮದುವೆಯಾದಾಗಿನಿಂದ ಇದೇ ಊರಿನಲ್ಲಿದ್ದು, ಅವರ ಕನ್ನಡದಲ್ಲಿ ಅರ್ಧ ತಮಿಳು ಸೇರಿತ್ತು. ಕೆಟ್ಟವರಲ್ಲ. ಗಿಂಡಿಯ ಆಫೀಸಿನಿಂದ ನಾನು ಬರುವುದು ತಡವಾದರೆ ಊಟ ಮಾಡದೆ ಕಾಯುತ್ತಿದ್ದರು. ಆದರೆ ಹಬ್ಬ, ಅರಿಶಿನ ಕುಂಕುಮ ಎಂದರೆ ಸಾಕು, ಜೆಲ್ ಬಾಟಲಿ ಹಿಡಿದು ನನ್ನ ಹಿಂದೆ ನಿಲ್ಲುತ್ತಿದ್ದರು. "ನಾಲ್ಕು ಜನ ಬರ್ತಾರೆ ಕಣಮ್ಮ" ಎನ್ನುವುದು ಅವರ ಮಂತ್ರ. ಪಾತ್ರೆ ಬೆಳಗುವುದಕ್ಕೂ ಅದೇ, ಮಾವನ ಶರ್ಟಿನ ಗುಂಡಿಗೂ ಅದೇ, ನನ್ನ ತಲೆಗೂ ಅದೇ. ಆ ನಾಲ್ವರಲ್ಲಿ ಮೂವರು ಯಾರಾದರೂ ಆಗಬಹುದಿತ್ತು. ನಾಲ್ಕನೆಯವರು ಮಾತ್ರ ಬೆಸೆಂಟ್ ನಗರದ ದೊಡ್ಡತ್ತೆ, ಅಂದರೆ ಅತ್ತೆಯ ಓರಗಿತ್ತಿ. ಇಬ್ಬರೂ ಹೊಸ ಸೊಸೆಯರಾಗಿ ಒಂದೇ ಮನೆಯಲ್ಲಿದ್ದಾಗ ದೊಡ್ಡತ್ತೆ ಇವರ ಜಡೆ ಕಂಡು ಕರುಬುತ್ತಿದ್ದರಂತೆ. ಅದನ್ನು ಹೇಳುವಾಗ ಅತ್ತೆಯ ಮುಖ ನೋಡಬೇಕು!

ಆಮೇಲೆ ಅವರ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಯಾರಿಗೂ ತಿಳಿಯಕೂಡದು, ಓರಗಿತ್ತಿಗಂತೂ ಸುತರಾಂ ತಿಳಿಯಕೂಡದು ಎಂದು ಅತ್ತೆ ಹಟ ಹಿಡಿದರು. "ಅವಳ ಬಾಯಲ್ಲಿ ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನನ್ನಿಂದ ಆಗಲ್ಲಮ್ಮ." ಜಡೆ ದಿಂಬಿನ ಮೇಲೆ ಉದುರಿತು. ಮಂಡಿನೋವು ಎಂದು ಸುಳ್ಳು ಹೇಳಿ ಎಲ್ಲರ ಮನೆಯ ಸಮಾರಂಭಗಳನ್ನೂ ತಪ್ಪಿಸಿಕೊಂಡರು. ಔಷಧಿ ಮುಗಿದ ಮೇಲೆ ಕೂದಲೇನೋ ಬಂತು, ಆದರೆ ಗುಂಗುರಾಗಿ ಬಂತು. ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ. ನನ್ನ ಕೂದಲು ಅವರ ತಲೆಯ ಮೇಲೆ ಕಂಡಾಗ ನನಗೆ ಒಂದು ಗಳಿಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಅಷ್ಟರಲ್ಲಿ ದೊಡ್ಡತ್ತೆಯ ಮೊಮ್ಮಗಳ ಮದುವೆ ಬಂತು. ಅದನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಮದುವೆಗೆ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ, ಅತ್ತೆ ಬಚ್ಚಲಿನ ಬಾಗಿಲನ್ನು ಇಷ್ಟೇ ತೆರೆದು ನನ್ನನ್ನು ಒಳಗೆ ಕರೆದರು. ತಲೆ ತುಂಬ, ಹೆಗಲ ತುಂಬ ಬಿಳಿ ಹೊಟ್ಟು.

"ಚರ್ಮ ಸುಲಿದು ಬರ್ತಿದೆ ನೋಡು. ಮತ್ತೆ ಬಂತಾ ಅದು?"

ನೆತ್ತಿ ಮೂಸಿದೆ. ಕೊಬ್ಬರಿ ಎಣ್ಣೆಯ ವಾಸನೆ. ಪಕ್ಕದ ಕಿಟಕಿಯಲ್ಲಿ ನನ್ನ ಜೆಲ್ ಬಾಟಲಿ ಇತ್ತು. ನನ್ನನ್ನು ಕೇಳಲು ಸಂಕೋಚವಾಗಿ ತಾವೇ ಕದ್ದು ಹಚ್ಚಿಕೊಂಡಿದ್ದಾರೆ. ಎಣ್ಣೆಯಿಲ್ಲದೆ ತಲೆ ಬಾಚುವುದುಂಟೇ ಎಂದು ಅದರ ಮೇಲೆ ಎಣ್ಣೆ ತಿಕ್ಕಿದ್ದಾರೆ. ಒಣಗಿದ ಜೆಲ್ಲೆಲ್ಲ ಪುಡಿಪುಡಿಯಾಗಿ ಎದ್ದಿದೆ.

"ಕಾಯಿಲೆ ಅಲ್ಲ ಅತ್ತೆ, ಜೆಲ್ಲು. ಇದಕ್ಕೂ ಎಣ್ಣೆಗೂ ಆಗಿಬರಲ್ಲ."

ಅವರ ಮುಖದಿಂದ ಹೆದರಿಕೆ ಹೋಯಿತು, ಆ ಜಾಗಕ್ಕೆ ನಾಚಿಕೆ ಬಂತು. ನಲ್ಲಿಯನ್ನು ನೋಡುತ್ತ ಹೇಳಿದರು: "ನಿನಗೆ ಎಷ್ಟೆಲ್ಲಾ ಅಂದಿದೀನಿ. ಈಗ ನಿನ್ನೇ ಕೇಳೋ ಹಾಗಾಯ್ತು. ಮಾಡಿಕೊಡ್ತೀಯಾ?"

ನನಗೂ ಅವರ ಮುಖ ನೋಡಲಾಗಲಿಲ್ಲ. ಇಂಥ ನಾಚಿಕೆ ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ತಲೆ ತೊಳೆದು, ಸ್ಟೂಲಿನ ಮೇಲೆ ಕೂರಿಸಿ, ಅಂಗೈಗೆ ಜೆಲ್ ಹಾಕಿಕೊಂಡು ಹಚ್ಚಿದೆ. ಮದುವೆಯ ದಿನವೂ ಹಾಗೇ ಮಾಡಿ, ಹಿಂದೆ ಚೌರಿ ಸೇರಿಸಿ ತುರುಬು ಕಟ್ಟಿದೆ. "ಪೋದುಂ, ಪೋದುಂ" ಎಂದು ತಮಿಳಿನಲ್ಲಿ ಸಾಕು ಸಾಕು ಎನ್ನುತ್ತಲೇ ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡರು.

ಛತ್ರ ಬೆಸೆಂಟ್ ನಗರದಲ್ಲಿ, ಸಮುದ್ರದ ಪಕ್ಕಕ್ಕೇ. ಆ ಉಪ್ಪುಗಾಳಿಗೆ ಯಾವ ಜೆಲ್ ನಿಂತೀತು? ಅತ್ತೆ ಕಿಟಕಿಯಿಂದ ದೂರ ಕೂತು, ಗಳಿಗೆಗೊಮ್ಮೆ ಕಿವಿಯ ಹತ್ತಿರ ಕೈಯಾಡಿಸುತ್ತಿದ್ದರು. ದೊಡ್ಡತ್ತೆ ಬಂದು ಪಕ್ಕದಲ್ಲೇ ಕೂತು ಮಂಡಿಯ ಸಮಾಚಾರ ವಿಚಾರಿಸಿದರು. ಕೂದಲಿನ ಮಾತು ಬರಲಿಲ್ಲ. ಆಟೊದಲ್ಲಿ ವಾಪಸು ಬರುವಾಗ ಅತ್ತೆ ನನ್ನ ಕೈ ಹಿಡಿದು, "ಅವಳಿಗೆ ಗೊತ್ತಾಗ್ಲಿಲ್ಲ ತಾನೇ?" ಎಂದರು. ಇಲ್ಲ ಎಂದೆ. ಮನೆ ಬರುವವರೆಗೂ ಅವರ ಮುಖದಲ್ಲಿ ನಗು ಇತ್ತು.

ವರ್ಷ ತುಂಬುವುದರೊಳಗೆ ಕಾಯಿಲೆ ತಿರುಗಿ ಬಂತು. ಈ ಸಲ ಕೀಮೋದಿಂದ ಉಪಯೋಗವಿಲ್ಲ ಎಂದರು. ಆಸ್ಪತ್ರೆಯಲ್ಲಿ ಒಂದು ಸಂಜೆ ಅತ್ತೆ ನನ್ನನ್ನು ಹತ್ತಿರ ಕರೆದರು. "ನಾನು ಹೋದಾಗ ನಾಲ್ಕು ಜನ ನೋಡೋಕ್ಕೆ ಬರ್ತಾರೆ. ತಲೆ ಹಿಂಗೇ ಬಿಡ್ಬೇಡ." ಹೂಂ ಎಂದೆ.

ಅವರು ಹೋದ ದಿನ ನಾನೂ ಪಕ್ಕದ ಮನೆಯ ಮಾಮಿಯೂ ಸೇರಿ ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಸೀರೆ ಉಡಿಸಿದೆವು. ನೀರು ಬಿದ್ದದ್ದೇ ಕೂದಲು ಸುರುಳಿ ಸುರುಳಿಯಾಗಿ ಎದ್ದಿತು. ಹೊರಗೆ ಜನ ಕಾಯುತ್ತಿದ್ದರು. ನಾನು ಜೆಲ್ ಬಾಟಲಿ ತಂದೆ.

"ಇಪ್ಪೋ ಪೋಯ್ ಇದಾಮ್ಮಾ?" ಎಂದರು ಮಾಮಿ, ಈ ಹೊತ್ತಿನಲ್ಲಿ ಇದು ಬೇಕೇ ಎನ್ನುವ ಹಾಗೆ. ಹೆಣಕ್ಕೆ ಶೃಂಗಾರ ಮಾಡುವ ಸೊಸೆ ಎಂದುಕೊಂಡಿರಬೇಕು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆದರೂ ಹಚ್ಚಿದೆ, ಎಳೆದೆಳೆದು ಬಾಚಿದೆ. ಎಷ್ಟು ಹೊತ್ತಾದರೂ ಜೆಲ್ ಒಣಗಲಿಲ್ಲ. ಅದು ಒಣಗುವುದಕ್ಕೆ ತಲೆಯ ಬಿಸಿಯೂ ಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲರಿಗಿಂತ ಮೊದಲು ಒಳಗೆ ಬಂದವರು ದೊಡ್ಡತ್ತೆ. ಅಳುತ್ತ ಕೂತು ಓರಗಿತ್ತಿಯ ನೆತ್ತಿಯ ಮೇಲೆ ಕೈಯಿಟ್ಟರು. ಅಂಗೈ ಅಂಟಂಟಾಯಿತು. ಅದನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಅತ್ತೆ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು ಕೊನೆಯ ಗಳಿಗೆಯಲ್ಲಿ ನನ್ನ ಕೈಯಿಂದಲೇ ಬಯಲಾಯಿತಲ್ಲ ಎಂದು ನಾನು ನೆಲ ನೋಡಿದೆ.

ಕಿವಿಯ ಹಿಂದೆ ಒಂದು ಸುರುಳಿ ಆಗಲೇ ಎದ್ದಿತ್ತು. ದೊಡ್ಡತ್ತೆ ಅದೇ ಅಂಟು ಕೈಯಿಂದ ಅದನ್ನು ಒತ್ತಿ, ನೇವರಿಸಿ, ಕೂರುವವರೆಗೂ ಹಿಡಿದುಕೊಂಡರು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: "ಮದ್ವೆ ಮನೇಲೂ ಇದೊಂದು ಎದ್ದಿತ್ತು ಕಣೇ. ಕಂಡೆ ಅಂದ್ರೆ ನಾಚ್ಕೋತಾಳೆ ಅಂತ ಸುಮ್ನಿದ್ದೆ."

ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ದೊಡ್ಡತ್ತೆ ತಲೆಯ ಬಳಿ ಕೂತವರು ಏಳಲಿಲ್ಲ. ಹತ್ತಿರ ಬಂದವರಿಗೆಲ್ಲ, "ಈಗ್ತಾನೆ ಸ್ನಾನ ಆಗಿದೆ, ತಲೆ ಮುಟ್ಬೇಡಿ" ಎನ್ನುತ್ತಿದ್ದರು.